ಮಂಚದ ಕಟಾಂಜನ ಮತ್ತು ರೋಗಿಯ ನಡಿಗೆ: ಆಸ್ಪತ್ರೆಗಳಲ್ಲಿ ಬೀಳುವಿಕೆಯನ್ನು ತಡೆಯುವ ಯತ್ನಗಳ ಇತಿಹಾಸ

೧. ಪ್ರವೇಶ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ಹೆಚ್ಚಾಗಿ ರೋಗಾಣುಗಳ ಶೋಧ, ಶಸ್ತ್ರಕ್ರಿಯೆಯ ಬೆಳವಣಿಗೆ, ಔಷಧಗಳ ಆವಿಷ್ಕಾರ ಮೊದಲಾದ ದೊಡ್ಡ ಸಂಗತಿಗಳ ಕಡೆಗೇ ಗಮನವಿತ್ತಿದ್ದಾರೆ. ಅದು ಸಹಜವಾದುದೇ. ಆದರೆ ಆಸ್ಪತ್ರೆಯೆಂಬ ಸಂಸ್ಥೆಯ ಸ್ವಭಾವವನ್ನು ಅರಿಯಬೇಕಾದರೆ ಅದರ ದಿನಚರಿಯಲ್ಲಿ ಮೇಲಿಂದ ಮೇಲೆ ನಡೆಯುವ ಸಣ್ಣ ಅವಘಡಗಳನ್ನೂ ಪರಿಶೀಲಿಸಬೇಕಾಗುತ್ತದೆ. ಗುಣವಾಗಲೆಂದು ಬಂದ ರೋಗಿಯು ಅಲ್ಲಿಯೇ ಮಂಚದಿಂದ ಜಾರಿಯೋ, ಬಚ್ಚಲಿನ ಬಾಗಿಲಲ್ಲಿ ಎಡವಿಯೋ ಬಿದ್ದು ಹೊಸದೊಂದು ಗಾಯವನ್ನು ಪಡೆಯುವುದು ಇಂತಹ ಅವಘಡಗಳಲ್ಲಿ ಮುಖ್ಯವಾದುದು. ತರುಣನಾದರೆ ಮೈ ಕೊಡವಿಕೊಂಡು ಏಳುತ್ತಾನೆ. ಎಪ್ಪತ್ತು ಮೀರಿದ ಮುದುಕಿಗೆ ತೊಡೆಯ ಮೂಳೆಯ ಕತ್ತು ಮುರಿಯಿತೆಂದರೆ ಅವಳು ಮತ್ತೆ ಮೊದಲಿನಂತೆ ಓಡಾಡುವಳೆಂಬ ಭರವಸೆ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಬೀಳುವುದಕ್ಕೆ ಮನೆಯಲ್ಲಿ ಇಲ್ಲದ ಕಾರಣಗಳೂ ಸೇರಿಕೊಳ್ಳುತ್ತವೆ. ಸ್ಥಳ ಹೊಸದು; ಮಂಚ ಮನೆಯ ಮಂಚಕ್ಕಿಂತ ಎತ್ತರ; ಶೌಚಾಲಯದ ದಾರಿ ಕತ್ತಲಲ್ಲಿ ತಿಳಿಯದು. ಹಲವು ದಿನ ಮಲಗಿದ್ದ ಕಾಲುಗಳಲ್ಲಿ ಕಸುವಿಲ್ಲ. ಎದ್ದು ನಿಂತೊಡನೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ನಿದ್ರೆಯ ಔಷಧ ಇನ್ನೂ ಮೈಯಿಂದ ಇಳಿದಿರುವುದಿಲ್ಲ. ಹೀಗಿರುವಾಗ ಮೂತ್ರದ ಅವಸರವಾಗಿ, ಕರೆದರೆ ದಾದಿ ಬರುವಳೋ ಇಲ್ಲವೋ ಎಂಬ ಶಂಕೆಯಿಂದ, ಅಥವಾ ಇಷ್ಟಕ್ಕೇಕೆ ಅವಳನ್ನು ಕರೆಯಬೇಕೆಂಬ ಸಂಕೋಚದಿಂದ, ರೋಗಿಯು ತಾನೇ ಎದ್ದು ಹೊರಡುತ್ತಾನೆ.

ಈ ಕೇಡನ್ನು ತಡೆಯಲು ಸಂಸ್ಥೆಗಳು ಸ್ಥೂಲವಾಗಿ ಎರಡು ದಾರಿಗಳನ್ನು ಹಿಡಿದಿವೆ. ಒಂದು, ರೋಗಿಯನ್ನು ಮಂಚದಲ್ಲಿಯೇ ಉಳಿಸುವುದು. ಇನ್ನೊಂದು, ಅವನು ಕ್ಷೇಮವಾಗಿ ಎದ್ದು ನಡೆಯುವಂತೆ ಮಾಡುವುದು. ಮೊದಲನೆಯದಕ್ಕೆ ಕಟಾಂಜನ, ಕಟ್ಟು, ಕಾವಲು ಸಾಕು. ಎರಡನೆಯದಕ್ಕೆ ಜನ ಬೇಕು, ತಾಳ್ಮೆ ಬೇಕು. ಕಳೆದ ಎರಡು ಶತಮಾನಗಳಲ್ಲಿ ಇಂಗ್ಲೆಂಡು, ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಈ ಎರಡು ದಾರಿಗಳ ನಡುವೆ ನಡೆದ ತಿಕ್ಕಾಟವನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಷಯದ ದಾಖಲೆಗಳು ಹೆಚ್ಚಾಗಿ ದೊರೆಯುವುದು ಆ ದೇಶಗಳಲ್ಲಿಯೇ. ಸಂಸ್ಥೆಯು ತನ್ನ ಮೇಲೆ ಬರಬಹುದಾದ ಹೊಣೆಗೆ ಅಂಜಿದಾಗಲೆಲ್ಲ ಮೊದಲನೆಯ ದಾರಿಯನ್ನೂ, ರೋಗಿಯ ಮುಂದಿನ ಬಾಳನ್ನು ನೆನೆದಾಗಲೆಲ್ಲ ಎರಡನೆಯದನ್ನೂ ಹಿಡಿದಿದೆ ಎಂಬುದು ನಮ್ಮ ಅಭಿಪ್ರಾಯ.

೨. ಹತ್ತೊಂಬತ್ತನೆಯ ಶತಮಾನದ ಎರಡು ಪರಂಪರೆಗಳು

ರೋಗಿಯನ್ನು ಅವನ ಹಿತಕ್ಕಾಗಿಯೇ ಕಟ್ಟಿಹಾಕಬಹುದೇ ಎಂಬ ಪ್ರಶ್ನೆಯು ಮೊದಲು ತೀವ್ರವಾಗಿ ಚರ್ಚೆಗೆ ಬಂದುದು ಸಾಮಾನ್ಯ ಆಸ್ಪತ್ರೆಗಳಲ್ಲಿ ಅಲ್ಲ, ಹುಚ್ಚಾಸ್ಪತ್ರೆಗಳಲ್ಲಿ. ಇಂಗ್ಲೆಂಡಿನ ಲಿಂಕನ್ ನಗರದ ಆಶ್ರಯಧಾಮದಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಎಂಬ ವೈದ್ಯನು ೧೮೩೮ರ ಹೊತ್ತಿಗೆ ಎಲ್ಲ ಬಗೆಯ ಕಟ್ಟುಗಳನ್ನೂ ಕೈಬಿಟ್ಟನು. ಮರುವರ್ಷ, ಎಂದರೆ ೧೮೩೯ರಲ್ಲಿ, ಜಾನ್ ಕಾನಲಿಯು ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಅದೇ ಪದ್ಧತಿಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದು, ೧೮೫೬ರಲ್ಲಿ ತನ್ನ ಅನುಭವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಕಟ್ಟಿನ ಸ್ಥಾನವನ್ನು ತುಂಬಬೇಕಾದವರು ಒಳ್ಳೆಯ ಪರಿಚಾರಕರು ಎಂಬುದು ಅವನ ವಾದದ ತಿರುಳು.

ಅಮೆರಿಕದ ವೈದ್ಯರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಕಟ್ಟು ಕೂಡ ಒಂದು ಚಿಕಿತ್ಸೆಯೇ, ಅದು ರೋಗಿಯನ್ನು ಅವನಿಂದಲೇ ಕಾಪಾಡುತ್ತದೆ ಎಂದು ಅವರು ಸಮರ್ಥಿಸಿದರು. ನ್ಯೂಯಾರ್ಕ್ ಸಂಸ್ಥಾನದ ಯೂಟಿಕಾ ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದ ತೊಟ್ಟಿಲು ಈ ಮನೋಭಾವಕ್ಕೆ ಹೆಸರಾಂತ ನಿದರ್ಶನ. ನಾಲ್ಕು ಕಡೆಯೂ ಮರದ ಸರಳುಗಳಿದ್ದು, ಮೇಲೆಯೂ ಸರಳಿನ ಮುಚ್ಚಳವಿದ್ದ ಮಂಚವದು. ಒಳಗೆ ಮಲಗಿಸಿದವನು ಹೊರಗೆ ಬೀಳುವ ಮಾತೇ ಇಲ್ಲ, ಏಳುವ ಮಾತೂ ಇಲ್ಲ. ೧೮೮೭ರಲ್ಲಿ ಅಲ್ಲಿನ ಮೇಲಧಿಕಾರಿ ಬ್ಲೂಮರ್ ಆ ತೊಟ್ಟಿಲುಗಳನ್ನು ತೆಗೆಯಿಸಿಹಾಕಿದನು. ವಸ್ತು ಹೋಯಿತು, ಅದರ ಹಿಂದಿದ್ದ ತರ್ಕ ಉಳಿಯಿತು. ಮುಂದಿನ ಶತಮಾನದ ವೃದ್ಧರ ಶುಶ್ರೂಷೆಯಲ್ಲಿ ಅದೇ ತರ್ಕವು ಮತ್ತೆ ತಲೆಯೆತ್ತಿತು ಎಂಬುದನ್ನು ನೆವಿಲ್ ಸ್ಟ್ರಂಫ್ ಮತ್ತು ನ್ಯಾನ್ಸಿ ಟೋಮ್ಸ್ ಎಂಬ ವಿದುಷಿಯರು ೧೯೯೩ರ ತಮ್ಮ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಸಾಮಾನ್ಯ ಆಸ್ಪತ್ರೆಗಳ ಪರಂಪರೆ ಬೇರೆ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಆಸ್ಪತ್ರೆಗಳನ್ನು ಕುರಿತ ಗ್ರಂಥವನ್ನು ಪ್ರಾರಂಭಿಸುವುದೇ, ಆಸ್ಪತ್ರೆಯು ರೋಗಿಗೆ ಕೇಡನ್ನುಂಟುಮಾಡಬಾರದೆಂಬುದು ಅದರ ಪ್ರಥಮ ನಿಯಮವಾಗಿರಬೇಕೆಂಬ ಭಾವದಿಂದ. ಅವರು ಪ್ರತಿಪಾದಿಸಿದ ವಾರ್ಡು ಉದ್ದನೆಯ ಹಜಾರ. ಎರಡು ಬದಿಯಲ್ಲಿ ಕಿಟಕಿಗಳು, ಕಿಟಕಿಗಳ ನಡುವೆ ಮಂಚಗಳು. ಗಾಳಿ ಬೆಳಕುಗಳು ಈ ರಚನೆಯ ಮುಖ್ಯೋದ್ದೇಶವಾದರೂ, ದಾದಿಯು ಒಂದೆಡೆ ನಿಂತು ಎಲ್ಲ ರೋಗಿಗಳನ್ನೂ ಒಂದೇ ನೋಟದಲ್ಲಿ ಕಾಣಬಹುದೆಂಬುದು ಅದರ ಇನ್ನೊಂದು ಪ್ರಯೋಜನ. ೧೮೭೧ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಹೊಸ ಕಟ್ಟಡ ಈ ಮಾದರಿಯಲ್ಲಿಯೇ ಎದ್ದುನಿಂತಿತು. ಇಲ್ಲಿ ರೋಗಿಯನ್ನು ಕಾಯುತ್ತಿದ್ದುದು ಸರಳಲ್ಲ, ಕಣ್ಣು. ಏಕಾಂತವನ್ನು ಬಯಸಿ ಇತ್ತೀಚೆಗೆ ಕಟ್ಟಿದ ಒಂಟಿ ಕೊಠಡಿಗಳ ಆಸ್ಪತ್ರೆಗಳಲ್ಲಿ ರೋಗಿಗಳು ಕಣ್ಣಿಗೆ ಬೀಳುವುದಿಲ್ಲವೆಂಬ ಆತಂಕವನ್ನು ದಾದಿಯರು ತೋಡಿಕೊಂಡಿರುವುದನ್ನು ನೆನೆದರೆ, ಹಳೆಯ ಹಜಾರದ ಗುಣವೇನೆಂಬುದು ತಿಳಿಯುತ್ತದೆ.

೩. ಕಟಾಂಜನವು ರೂಢಿಗೆ ಬಂದ ಬಗೆ

ಮಂಚದ ಎರಡು ಪಕ್ಕಗಳಿಗೆ ಹಚ್ಚುವ ಸರಳಿನ ಅಡ್ಡೆಯನ್ನು ನಾವು ಇಲ್ಲಿ ಕಟಾಂಜನವೆಂದು ಕರೆದಿದ್ದೇವೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇದು ಎಲ್ಲ ರೋಗಿಗಳಿಗೂ ವಿಧಿಸಿದ ವಸ್ತುವಾಗಿರಲಿಲ್ಲ. ಮಕ್ಕಳಿಗೆ, ಸನ್ನಿ ಹಿಡಿದವರಿಗೆ, ಪ್ರಜ್ಞೆ ತಪ್ಪಿದವರಿಗೆ ಮಾತ್ರ ಬಳಸುವಂತಹುದಾಗಿತ್ತು. ಅದು ಎಲ್ಲ ಮಂಚಗಳ ಅವಿಭಾಜ್ಯ ಅಂಗವಾದುದು ಹೇಗೆ? ಬಾರ್ಬರಾ ಬ್ರಷ್ ಮತ್ತು ಎಲಿಜಬೆತ್ ಕ್ಯಾಪೆಜೂಟಿ ಎಂಬವರು ೨೦೦೧ರಲ್ಲಿ ಅಮೆರಿಕದ ಆಸ್ಪತ್ರೆಗಳ ಮಟ್ಟಿಗೆ ಈ ಪ್ರಶ್ನೆಯನ್ನೆತ್ತಿಕೊಂಡು ಅಭ್ಯಾಸಮಾಡಿದ್ದಾರೆ. ರೋಗಿಗೆ ಅದರಿಂದ ಹಿತವಾಗುತ್ತದೆಂಬುದಕ್ಕೆ ಪರೀಕ್ಷೆಯ ಆಧಾರ ದೊರೆತುದರಿಂದ ಅದು ಹಬ್ಬಲಿಲ್ಲ. ನ್ಯಾಯಾಲಯದ ಭಯ ಮತ್ತು ದಾದಿಯರ ಕೊರತೆಗಳಿಂದ ಹಬ್ಬಿತು ಎಂಬುದು ಅವರ ವಿವೇಚನೆಯಿಂದ ಹೊರಡುವ ಫಲಿತಾಂಶ.

ನ್ಯಾಯಾಲಯದ ಭಯವೆಂದುದಕ್ಕೆ ಸ್ವಲ್ಪ ವಿವರಣೆ ಅಗತ್ಯ. ಅಮೆರಿಕದಲ್ಲಿ ಧರ್ಮಾರ್ಥವಾಗಿ ನಡೆಯುತ್ತಿದ್ದ ಆಸ್ಪತ್ರೆಗಳ ಮೇಲೆ ಗಾಯಗೊಂಡ ರೋಗಿಯು ಪರಿಹಾರಕ್ಕಾಗಿ ದಾವೆ ಹೂಡುವುದು ಬಹುಕಾಲ ಕಷ್ಟಸಾಧ್ಯವಾಗಿತ್ತು. ದಾನದ ಹಣವನ್ನು ಪರಿಹಾರಕ್ಕೆ ಕೊಡಲಾಗದೆಂಬ ತತ್ತ್ವವು ಅವುಗಳಿಗೆ ರಕ್ಷೆಯಾಗಿತ್ತು. ೧೯೪೨ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಜಾರ್ಜ್‌ಟೌನ್ ಕಾಲೇಜಿನ ಮೊಕದ್ದಮೆಯಲ್ಲಿ ಈ ರಕ್ಷೆಯನ್ನು ತಳ್ಳಿಹಾಕಿತು. ೧೯೫೭ರಲ್ಲಿ ನ್ಯೂಯಾರ್ಕಿನ ಉಚ್ಚ ನ್ಯಾಯಪೀಠವು ಬಿಂಗ್ ಎಂಬ ಮೊಕದ್ದಮೆಯಲ್ಲಿ ಅದೇ ಜಾಡನ್ನು ಹಿಡಿದು, ವೈದ್ಯರ ಹಾಗೂ ದಾದಿಯರ ತಪ್ಪಿಗೆ ಆಸ್ಪತ್ರೆಯೇ ಹೊಣೆಯೆಂದು ತೀರ್ಪಿತ್ತಿತು. ಈ ತೀರ್ಪುಗಳು ಬೀಳುವಿಕೆಗೆ ಸಂಬಂಧಿಸಿದವುಗಳಲ್ಲ; ಆದರೆ ಬಿದ್ದ ರೋಗಿಗೆ ಉತ್ತರ ಹೇಳಬೇಕಾದ ಸ್ಥಿತಿಯನ್ನು ಅವು ಆಸ್ಪತ್ರೆಗಳಿಗೆ ತಂದೊಡ್ಡಿದವು. ಇನ್ನೊಂದು ಕಡೆ, ಎರಡನೆಯ ಮಹಾಯುದ್ಧವು ದಾದಿಯರನ್ನು ಸೈನ್ಯದ ಸೇವೆಗೆ ಸೆಳೆದುಕೊಂಡಿತ್ತು. ಎಲ್ಲರ ಪಕ್ಕದಲ್ಲಿ ಕುಳಿತುಕೊಳ್ಳಲು ಜನರಿಲ್ಲ. ಬಿದ್ದರೆ ದಾವೆಯ ಭಯ. ಇಂತಹ ಸ್ಥಿತಿಯಲ್ಲಿ ಸರಳನ್ನು ಎತ್ತಿ ಕೊಂಡಿ ಹಾಕುವುದು ಎಲ್ಲರಿಗೂ ಸುಲಭವಾಗಿ ಕಂಡಿತು. ‘ಕಟಾಂಜನ ಏರಿಸಲಾಗಿತ್ತು’ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಸಂಸ್ಥೆಯು ತನ್ನ ಕರ್ತವ್ಯವನ್ನು ಮಾಡಿದಂತಾಯಿತು.

ಆದರೆ ಸರಳು ಏರಿಸಿದ ಮಾತ್ರಕ್ಕೆ ಮುದುಕನ ಮೂತ್ರದ ಅವಸರ ನಿಲ್ಲುವುದಿಲ್ಲ. ಅವನು ಸರಳನ್ನು ಹತ್ತಿ ದಾಟಲೆಳಸುತ್ತಾನೆ. ಆಗ ಬೀಳುವುದು ಮಂಚದ ಎತ್ತರದಿಂದಲ್ಲ, ಸರಳಿನ ಎತ್ತರದಿಂದ.

೪. ರೋಗಿಗಳನ್ನು ಎಬ್ಬಿಸಿ ನಡೆಸಿದವರು

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎರಡನೆಯ ದಾರಿಯು ತೆರೆಯಿತು. ೧೮೩೪ರ ಬಡವರ ಕಾನೂನಿನ ಫಲವಾಗಿ ಅಲ್ಲಿ ದುಡಿಮೆಮನೆಗಳೆಂಬ ಸಂಸ್ಥೆಗಳು ಬೆಳೆದು, ಅವುಗಳ ಚಿಕಿತ್ಸಾಲಯಗಳಲ್ಲಿ ದಿಕ್ಕಿಲ್ಲದ ವೃದ್ಧರೋಗಿಗಳು ವರ್ಷಗಟ್ಟಲೆ ಮಲಗಿಕೊಂಡೇ ಕಾಲಕಳೆಯುತ್ತಿದ್ದರು. ೧೯೩೫ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಇಂತಹುದೊಂದು ಚಿಕಿತ್ಸಾಲಯವನ್ನು ವಹಿಸಿಕೊಂಡಾಗ, ಅದರ ೭೧೪ ಮಂಚಗಳ ಹೊಣೆಯು ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಂದಿತು. ಆಕೆ ಪ್ರತಿಯೊಬ್ಬ ರೋಗಿಯನ್ನೂ ಪರೀಕ್ಷಿಸಿ, ಯಾರು ಏಳಬಲ್ಲರು, ಯಾರು ನಡೆಯಬಲ್ಲರು, ಯಾರು ಮನೆಗೆ ಮರಳಬಲ್ಲರು ಎಂದು ವಿಂಗಡಿಸಿದರು. ವಾರ್ಡುಗಳಿಗೆ ಬೆಳಕು ಬಂದಿತು. ಗೋಡೆಗಳಿಗೆ ಹೊಸ ಬಣ್ಣ ಬಂದಿತು. ರೋಗಿಗಳನ್ನು ಎಬ್ಬಿಸಿ ಕೂರಿಸಿ ನಡೆಸುವ ಅಭ್ಯಾಸ ಬಂದಿತು. ಕೆಲವು ವರ್ಷಗಳಲ್ಲಿ ಬೇಕಾಗುವ ಮಂಚಗಳ ಸಂಖ್ಯೆ ೨೪೦ಕ್ಕೆ ಇಳಿಯಿತು. ೧೯೪೩ ಮತ್ತು ೧೯೪೬ರಲ್ಲಿ ಪ್ರಕಟವಾದ ಆಕೆಯ ಲೇಖನಗಳು ವಾರ್ಧಕ್ಯ ಚಿಕಿತ್ಸೆಯೆಂಬ ಶಾಖೆಗೆ ತಳಹದಿಯಾದವೆಂದು ಹೇಳಬಹುದು. ಮಲಗಿಯೇ ಇದ್ದವರು ಬೀಳಲಾರರೆಂಬುದು ನಿಜ. ಆದರೆ ಮಲಗಿಯೇ ಇರುವುದು ಕ್ಷೇಮವಲ್ಲವೆಂಬುದನ್ನು ವಾರೆನ್ ತಮ್ಮ ಕಾರ್ಯದಿಂದಲೇ ತೋರಿಸಿಕೊಟ್ಟರು.

೧೯೪೭ರಲ್ಲಿ ರಿಚರ್ಡ್ ಆ್ಯಷರ್ ಎಂಬ ವೈದ್ಯನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಒಂದು ಲೇಖನವನ್ನು ಬರೆದನು. ರಕ್ತ ಹೆಪ್ಪುಗಟ್ಟುವುದು, ಬೆನ್ನಿನಲ್ಲಿ ಹುಣ್ಣಾಗುವುದು, ಸ್ನಾಯುಗಳು ಸೊರಗುವುದು, ಮೂಳೆಗಳು ಸುಣ್ಣದ ಅಂಶವನ್ನು ಕಳೆದುಕೊಳ್ಳುವುದು, ಮನಸ್ಸು ಕುಗ್ಗುವುದು ಮುಂತಾದುವನ್ನು ಅವನು ಒಂದೊಂದಾಗಿ ಎಣಿಸಿದನು. ಬೀಳುವಿಕೆಯ ಇತಿಹಾಸದಲ್ಲಿ ಇದಕ್ಕೆ ಸ್ಥಾನವೇಕೆಂದರೆ, ರೋಗಿಯನ್ನು ಬೀಳದಂತೆ ಕಾಯಲು ಮಲಗಿಸುವುದೇ ಅವನನ್ನು ಮುಂದೆ ಬೀಳುವವನನ್ನಾಗಿ ಮಾಡುತ್ತದೆಂಬ ವಿರೋಧವನ್ನು ಈ ಪಟ್ಟಿಯು ಬಯಲಿಗಿಡುತ್ತದೆ. ಸೊರಗಿದ ಕಾಲು ಎಡವುತ್ತದೆ. ಸವೆದ ಮೂಳೆ ಮುರಿಯುತ್ತದೆ.

ಬೀಳುವಿಕೆಯನ್ನೇ ಪ್ರತ್ಯೇಕವಾದ ಅಧ್ಯಯನದ ವಸ್ತುವನ್ನಾಗಿ ಮಾಡಿದ ಕೀರ್ತಿ ವುಲ್ವರ್‌ಹ್ಯಾಂಪ್ಟನ್ನಿನ ಜೋಸೆಫ್ ಶೆಲ್ಡನ್ನನಿಗೆ ಸಲ್ಲುತ್ತದೆ. ೧೯೪೮ರಲ್ಲಿ ವೃದ್ಧರ ಜೀವನಸ್ಥಿತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದ ಈತನು, ೧೯೬೦ರಲ್ಲಿ ೨೦೨ ಮಂದಿ ಅನುಭವಿಸಿದ ೫೦೦ ಬೀಳುವಿಕೆಗಳನ್ನು ಒಂದೊಂದಾಗಿ ವಿಚಾರಿಸಿ ವಿಂಗಡಿಸಿದನು. ಮೆಟ್ಟಿಲು ತಪ್ಪಿದುದು, ಕತ್ತಲಲ್ಲಿ ಎಡವಿದುದು, ತಲೆ ಸುತ್ತಿದುದು, ಪ್ರಜ್ಞೆ ತಪ್ಪದೆಯೇ ಕಾಲುಗಳು ಇದ್ದಕ್ಕಿದ್ದಂತೆ ಕುಸಿದುದು ಹೀಗೆ ಬೇರೆಬೇರೆ ಕಾರಣಗಳು ಹೊರಬಿದ್ದವು. ಈ ಕೊನೆಯ ಬಗೆಯವೇ ೧೨೫ ಇದ್ದವು. ಇವು ಹೆಚ್ಚಾಗಿ ಆಸ್ಪತ್ರೆಯ ಹೊರಗಿನ ಬೀಳುವಿಕೆಗಳಾದರೂ, ಶೆಲ್ಡನ್ನನ ಕಾರ್ಯದಿಂದ ಒಂದು ದೃಷ್ಟಿ ಲಭಿಸಿತು: ಬೀಳುವಿಕೆಯು ಮುಪ್ಪಿನ ವಿಧಿಯಲ್ಲ, ಅದಕ್ಕೆ ಕಾರಣಗಳಿವೆ, ಕಾರಣಗಳಿದ್ದಲ್ಲಿ ಉಪಾಯವೂ ಇರಬಹುದು. ಮುಂದೆ ಬರ್ನಾರ್ಡ್ ಐಸಾಕ್ಸ್ ಎಂಬ ವಾರ್ಧಕ್ಯ ವೈದ್ಯನು ಮುಪ್ಪಿನ ನಾಲ್ಕು ದೈತ್ಯರನ್ನು ಹೆಸರಿಸುವಾಗ ಚಲನೆಯ ನಾಶ, ಮೂತ್ರದ ಹತೋಟಿ ತಪ್ಪುವುದು, ಬುದ್ಧಿಯ ಮಬ್ಬು ಇವುಗಳ ಜೊತೆಗೆ ನಿಲುವಿನ ಅಸ್ಥಿರತೆಯನ್ನೂ ಸೇರಿಸಿದನು. ೧೯೮೬ರಲ್ಲಿ ಈತನೂ ಸಹೋದ್ಯೋಗಿಗಳೂ ಸೇರಿ, ಕುರ್ಚಿಯಿಂದೆದ್ದು ಸ್ವಲ್ಪ ದೂರ ನಡೆದು ಮರಳಿ ಕುಳಿತುಕೊಳ್ಳುವ ಸರಳ ಪರೀಕ್ಷೆಯೊಂದನ್ನು ರೂಪಿಸಿದರು. ೧೯೯೧ರಲ್ಲಿ ಕೆನಡದ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದಕ್ಕೆ ಮೂರು ಮೀಟರಿನ ಅಳತೆಯನ್ನೂ ಗಡಿಯಾರವನ್ನೂ ಸೇರಿಸಿದರು. ಈ ಪರೀಕ್ಷೆಗೆ ಬೇಕಾದ ಉಪಕರಣಗಳು ಒಂದು ಕುರ್ಚಿ ಮತ್ತು ಒಂದು ಗಡಿಯಾರ ಮಾತ್ರ.

೫. ಕಟ್ಟು ಬಿಚ್ಚಿದ ಕಾಲ

ಅಮೆರಿಕದಲ್ಲಿ ೧೯೬೫ರಲ್ಲಿ ಮೆಡಿಕೇರ್, ಮೆಡಿಕೈಡ್ ಎಂಬ ಸರ್ಕಾರೀ ವೈದ್ಯಸಹಾಯ ಯೋಜನೆಗಳ ಕಾನೂನು ಅಂಗೀಕೃತವಾದ ಮೇಲೆ ವೃದ್ಧರ ಶುಶ್ರೂಷಾಗೃಹಗಳು ಬಹುಸಂಖ್ಯೆಯಲ್ಲಿ ಬೆಳೆದವು. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅಲ್ಲಿಯಾದರೋ ಅದು ಅಶಕ್ತ ವೃದ್ಧರು ಕೊನೆಯವರೆಗೂ ಇರುವ ವಾಸಸ್ಥಾನ. ಇಂತಹ ಮನೆಗಳಲ್ಲಿ ಸೊಂಟಕ್ಕೆ ಪಟ್ಟಿ, ಎದೆಗೆ ಕವಚ, ಕೈಗೆ ಕಟ್ಟು ಹಾಕಿ ಮುದುಕರನ್ನು ಕುರ್ಚಿಗೋ ಮಂಚಕ್ಕೋ ಬಿಗಿಯುವುದು ಸಾಮಾನ್ಯ ಪದ್ಧತಿಯಾಯಿತು. ಏಕೆಂದು ಕೇಳಿದರೆ ದೊರೆಯುತ್ತಿದ್ದ ಉತ್ತರ ಒಂದೇ: ಬೀಳದಿರಲೆಂದು.

ಇದನ್ನು ಪ್ರಶ್ನಿಸಿದವರಲ್ಲಿ ಪೆನ್ಸಿಲ್ವೇನಿಯದ ಕೆಂಡಾಲ್ ಎಂಬ ಕ್ವೇಕರ್ ಸಂಸ್ಥೆಯವರು ಗಮನಾರ್ಹರು. ೧೯೭೩ರಲ್ಲಿ ತೆರೆದ ತಮ್ಮ ವೃದ್ಧನಿವಾಸವನ್ನು ಅವರು ಕಟ್ಟುಗಳಿಲ್ಲದೆಯೇ ನಡೆಸಿಕೊಂಡು ಬಂದು, ಮುಂದೆ ಇತರರಿಗೂ ಅದನ್ನು ಬೋಧಿಸಲು ತೊಡಗಿದರು. ೧೯೮೬ರಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧನಾ ಮಂಡಲಿಯೊಂದು ಶುಶ್ರೂಷಾಗೃಹಗಳ ಸ್ಥಿತಿಯನ್ನು ಕುರಿತು ವರದಿಯನ್ನು ಒಪ್ಪಿಸಿತು. ೧೯೮೭ರ ಕಾನೂನು, ಶಿಕ್ಷೆಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟುಹಾಕುವುದನ್ನು ನಿಷೇಧಿಸಿ, ಅದರಿಂದ ಮುಕ್ತರಾಗಿರುವುದು ನಿವಾಸಿಗಳ ಹಕ್ಕೆಂದು ಸಾರಿತು. ಇದು ೧೯೯೦ರಿಂದ ಜಾರಿಗೆ ಬಂದಿತು. ನಡುವೆ, ೧೯೮೯ರ ಡಿಸೆಂಬರಿನಲ್ಲಿ, ಸೆನೆಟ್ಟಿನ ವೃದ್ಧಾಪ್ಯ ಸಮಿತಿಯು ಇದೇ ವಿಷಯವನ್ನು ಕುರಿತು ವಿಚಾರಗೋಷ್ಠಿಯನ್ನೇರ್ಪಡಿಸಿತು.

ಕಟ್ಟು ಬಿಚ್ಚಿದರೆ ಮುದುಕರು ಬಿದ್ದು ಸಾಯುವರೆಂಬ ಆಕ್ಷೇಪ ಬಲವಾಗಿತ್ತು. ಅದಕ್ಕೆ ಉತ್ತರ ಹಕ್ಕಿನ ಮಾತಿನಿಂದ ಮಾತ್ರವಲ್ಲದೆ ಲೆಕ್ಕದಿಂದಲೂ ಬಂದಿತು. ಮೇರಿ ಟಿನೆಟ್ಟಿ ಮತ್ತು ಆಕೆಯ ಸಂಗಡಿಗರು ಕನೆಕ್ಟಿಕಟ್ ಸಂಸ್ಥಾನದ ೧೨ ಶುಶ್ರೂಷಾಗೃಹಗಳಲ್ಲಿ, ಮೊದಲು ಕಟ್ಟುಗಳಿಲ್ಲದಿದ್ದ ೩೯೭ ನಿವಾಸಿಗಳನ್ನು ಒಂದು ವರ್ಷ ಕಾಲ ಗಮನಿಸಿದರು. ಆ ಅವಧಿಯಲ್ಲಿ ೧೨೨ ಮಂದಿಗೆ ಕಟ್ಟು ಹಾಕಲಾಯಿತು. ೨೭೫ ಮಂದಿಗೆ ಹಾಕಲಿಲ್ಲ. ಕಟ್ಟಿಲ್ಲದವರಲ್ಲಿ ಶೇಕಡ ೫ ಮಂದಿಗೂ ಕಟ್ಟಿಗೊಳಗಾದವರಲ್ಲಿ ಶೇಕಡ ೧೭ ಮಂದಿಗೂ ಬಿದ್ದು ತೀವ್ರ ಗಾಯಗಳಾದವು. ಕಟ್ಟಿಗೊಳಗಾದವರು ಮೊದಲೇ ಹೆಚ್ಚು ಅಶಕ್ತರಾಗಿದ್ದಿರಬಹುದೆಂಬ ಸಂದೇಹ ಇಲ್ಲಿ ಸಹಜ; ಸಂಶೋಧಕರು ಅಂತಹ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಕಟ್ಟಿನಿಂದ ರಕ್ಷಣೆಯೊದಗಿದುದು ಕಂಡುಬರಲಿಲ್ಲ. ಈ ಫಲಿತಾಂಶವು ೧೯೯೨ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸ್ಟೀವನ್ ಮೈಲ್ಸ್ ಮತ್ತು ಅರ್ವಿನ್ ಎಂಬವರು ಕಟ್ಟುಗಳಿಂದಲೇ ಸಂಭವಿಸಿದ ೧೨೨ ಸಾವುಗಳನ್ನು ಪರಿಶೀಲಿಸಿ ವರದಿ ಮಾಡಿದರು.

ಕಟಾಂಜನದ ಸರದಿಯೂ ಬಂದಿತು. ೧೯೯೫ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಸರಳುಗಳ ನಡುವೆಯೂ ಸರಳು ಹಾಸಿಗೆಗಳ ನಡುವೆಯೂ ರೋಗಿಗಳು ಸಿಕ್ಕಿಕೊಳ್ಳುವ ಅಪಾಯವನ್ನು ಕುರಿತು ಎಚ್ಚರಿಕೆಯನ್ನು ಹೊರಡಿಸಿತು. ೧೯೮೫ರಿಂದ ೨೦೦೯ರ ಜನವರಿ ೧ರವರೆಗೆ ಅದಕ್ಕೆ ಇಂತಹ ೮೦೩ ಪ್ರಸಂಗಗಳು ವರದಿಯಾಗಿದ್ದವು. ಇವುಗಳಲ್ಲಿ ೪೮೦ ಮಂದಿ ಸತ್ತರು, ೧೩೮ ಮಂದಿ ಗಾಯಗೊಂಡರು, ಉಳಿದ ೧೮೫ ಮಂದಿ ಸಿಬ್ಬಂದಿಯ ಸಕಾಲಿಕ ನೆರವಿನಿಂದ ಪಾರಾದರು. ಕಟಾಂಜನ ಎಲ್ಲರಿಗೂ ಕೇಡೆಂದು ಇದರಿಂದ ಹೇಳಲಾಗದು. ತಾನಾಗಿಯೇ ಮಗ್ಗುಲಾಗಲು ಅದನ್ನು ಹಿಡಿದುಕೊಳ್ಳುವ ರೋಗಿಗೆ ಅದು ಆಸರೆಯೇ. ಆದರೆ ಪ್ರಶ್ನೆಯಿಲ್ಲದೆ ಎಲ್ಲ ಮಂಚಗಳಿಗೂ ಏರಿಸುವ ರೂಢಿಗೆ ಸಮರ್ಥನೆ ಉಳಿಯಲಿಲ್ಲ.

೬. ಅಂಕಗಳು, ಗಂಟೆಗಳು ಮತ್ತು ಹಣದ ಲೆಕ್ಕ

ಕಟ್ಟು ಸಡಿಲವಾದಂತೆ ಅದರ ಸ್ಥಾನಕ್ಕೆ ಲೆಕ್ಕದ ಸಾಧನಗಳು ಬಂದವು. ಜಾನಿಸ್ ಮೋರ್ಸ್ ಎಂಬ ವಿದುಷಿ ಕೆನಡದಲ್ಲಿ ೧೯೮೯ರಲ್ಲಿ ಪ್ರಕಟಿಸಿದ ಮಾನಕವು ಇವುಗಳಲ್ಲಿ ಪ್ರಸಿದ್ಧವಾದುದು. ಹಿಂದೆ ಬಿದ್ದುದುಂಟೇ, ಎರಡನೆಯ ರೋಗವಿದೆಯೇ, ಏನನ್ನು ಆಧರಿಸಿ ನಡೆಯುತ್ತಾನೆ, ರಕ್ತನಾಳಕ್ಕೆ ಸೂಜಿ ಹಾಕಿದೆಯೇ, ನಡಿಗೆ ಹೇಗಿದೆ, ತನ್ನ ಶಕ್ತಿಯ ಮಿತಿ ಅವನಿಗೆ ತಿಳಿದಿದೆಯೇ ಎಂಬ ಆರು ಪ್ರಶ್ನೆಗಳಿಗೆ ಅಂಕ ಕೊಟ್ಟು ಕೂಡಿದರೆ ಸೊನ್ನೆಯಿಂದ ೧೨೫ರವರೆಗೆ ಮೊತ್ತ ಬರುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಮೋರ್ಸ್ ಮಾಡಿದ ವಿಂಗಡಣೆ. ಬೀಳುವಿಕೆಗಳಲ್ಲಿ ಶೇಕಡ ೧೪ರಷ್ಟು ಮಾತ್ರ ಆಕಸ್ಮಿಕ. ಶೇಕಡ ೮ರಷ್ಟು ಮೂರ್ಛೆಯಂತಹ, ಮುಂಗಾಣಲಾಗದ ದೇಹಸ್ಥಿತಿಯಿಂದಾದುವು. ಉಳಿದ ಶೇಕಡ ೭೮ ರೋಗಿಯ ದೇಹಸ್ಥಿತಿಯಿಂದ ಮೊದಲೇ ಊಹಿಸಬಹುದಾದುವು ಎಂದು ಆಕೆ ಕಂಡುಕೊಂಡರು. ೧೯೯೭ರಲ್ಲಿ ಡೇವಿಡ್ ಆಲಿವರ್ ಮತ್ತು ಸಂಗಡಿಗರು ಇನ್ನೊಂದು ಚಿಕ್ಕ ಮಾನಕವನ್ನು ರಚಿಸಿ ಅದಕ್ಕೆ ಸೇಂಟ್ ಥಾಮಸ್ ಆಸ್ಪತ್ರೆಯ ಹೆಸರನ್ನಿಟ್ಟರು. ನೈಟಿಂಗೇಲರ ಹಜಾರಗಳಿದ್ದ ಆಸ್ಪತ್ರೆಯ ಹೆಸರಿನಲ್ಲಿಯೇ, ಕಣ್ಣಿನ ಕಾವಲಿಗೆ ಅಂಕದ ಕಾವಲು ಜೊತೆಗೂಡಿತು.

ಅಂಕ ಹಾಕುವುದು ಸುಲಭ; ಹಾಕಿದ ಮೇಲೆ ಏನನ್ನಾದರೂ ಮಾಡುವುದು ಕಷ್ಟ. ಹಲವೆಡೆ ಪಟ್ಟಿಯನ್ನು ತುಂಬುವುದೇ ತಡೆಗಟ್ಟುವ ಕಾರ್ಯವೆಂಬಂತಾಯಿತು. ಆದುದರಿಂದಲೇ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶನ ಸಂಸ್ಥೆಯು ೨೦೧೩ರಲ್ಲಿ, ಯಾರು ಬೀಳುವರೆಂದು ಅಂಕದಿಂದ ಭವಿಷ್ಯ ನುಡಿಯುವುದನ್ನು ಬಿಟ್ಟು, ೬೫ ವರ್ಷ ತುಂಬಿದ ಎಲ್ಲ ಒಳರೋಗಿಗಳನ್ನೂ ಅಪಾಯವುಳ್ಳವರೆಂದೇ ಭಾವಿಸಿ ಅವರವರ ಕಾರಣಗಳನ್ನು ಹುಡುಕಬೇಕೆಂದು ಸಲಹೆಯಿತ್ತಿತು.

ಯಂತ್ರಗಳ ಕಥೆಯೂ ಹೀಗೆಯೇ. ರೋಗಿಯು ಮಂಚದಿಂದ ಎದ್ದೊಡನೆ ಗಂಟೆ ಬಾರಿಸುವ ಉಪಕರಣಗಳನ್ನು ರೊನಾಲ್ಡ್ ಶೋರ್ ಮತ್ತು ಸಂಗಡಿಗರು ಅಮೆರಿಕದ ಒಂದು ಆಸ್ಪತ್ರೆಯ ೧೬ ಘಟಕಗಳಲ್ಲಿ, ೨೭,೬೭೨ ರೋಗಿಗಳ ಮಟ್ಟಿಗೆ ಪರೀಕ್ಷಿಸಿ ೨೦೧೨ರಲ್ಲಿ ವರದಿ ಮಾಡಿದರು; ಗಂಟೆಗಳ ಬಳಕೆ ಹೆಚ್ಚಿತು, ಬೀಳುವಿಕೆ ಗಮನಾರ್ಹವಾಗಿ ಕಡಮೆಯಾಗಲಿಲ್ಲ. ಆಸ್ಟ್ರೇಲಿಯದ ೬ ಆಸ್ಪತ್ರೆಗಳ ೨೪ ವಾರ್ಡುಗಳಲ್ಲಿ ಅಂಕಪಟ್ಟಿಯ ಜೊತೆಗೆ ಎಚ್ಚರಿಕೆಯ ಫಲಕ, ತಗ್ಗಿನ ಮಂಚ, ಗಂಟೆ ಮುಂತಾದ ಆರು ಉಪಾಯಗಳ ಪ್ರಯೋಗ ನಡೆದು, ೪೬,೨೪೫ ದಾಖಲಾತಿಗಳ ಲೆಕ್ಕವು ೨೦೧೬ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಬೀಳುವಿಕೆ ತಗ್ಗಲಿಲ್ಲ. ಗಂಟೆಯು ರೋಗಿ ಎದ್ದನೆಂದು ತಿಳಿಸುತ್ತದೆ. ಏಕೆ ಎದ್ದನೆಂದು ತಿಳಿಸದು.

ಈ ನಡುವೆ ಹಣದ ಒತ್ತಡವೂ ಸೇರಿಕೊಂಡಿತು. ೨೦೦೮ರ ಅಕ್ಟೋಬರ್ ೧ರಿಂದ ಮೆಡಿಕೇರ್ ಯೋಜನೆಯು, ಆಸ್ಪತ್ರೆಯಲ್ಲಿ ಬಿದ್ದು ಆದ ಗಾಯದ ಹೆಚ್ಚುವರಿ ವೆಚ್ಚವನ್ನು ತಾನು ಭರಿಸುವುದಿಲ್ಲವೆಂದು ಸಾರಿತು. ಉದ್ದೇಶ ಒಳ್ಳೆಯದೇ. ಆದರೆ ಷೆರನ್ ಇನೌಯೆ, ಸಿಂಥಿಯ ಬ್ರೌನ್ ಮತ್ತು ಟಿನೆಟ್ಟಿ ೨೦೦೯ರಲ್ಲಿಯೇ ಎಚ್ಚರಿಸಿದಂತೆ, ಬಿದ್ದರೆ ದಂಡವೆಂಬ ನಿಯಮವು ರೋಗಿಯನ್ನು ಏಳಗೊಡದಿರುವ ಆಸೆಯನ್ನು ಮತ್ತೆ ಹುಟ್ಟಿಸುತ್ತದೆ. ಮಲಗಿಸಿಟ್ಟುದರಿಂದ ಕಾಲಿನ ಬಲ ಕಳೆದುಕೊಂಡ ರೋಗಿಯು ಮನೆಗೆ ಹೋದ ಮೇಲೆ ಬಿದ್ದರೆ, ಆ ಬೀಳುವಿಕೆ ಆಸ್ಪತ್ರೆಯ ಪುಸ್ತಕಕ್ಕೆ ಬರುವುದಿಲ್ಲ. ೧೯೪೦ರ ದಶಕದಲ್ಲಿ ನ್ಯಾಯಾಲಯದ ಭಯವು ಮಾಡಿದ ಕೆಲಸವನ್ನು ಈಗ ಲೆಕ್ಕಪತ್ರದ ಭಯವು ಮಾಡತೊಡಗಿತೆನ್ನಬಹುದು.

೭. ಫಲ ಕೊಟ್ಟ ಯತ್ನಗಳು

ಹಾಗಾದರೆ ಯಾವುದರಿಂದಲೂ ಪ್ರಯೋಜನವಿಲ್ಲವೆ ಎಂದು ವಾಚಕರು ಕೇಳಬಹುದು. ನಿರಾಶೆಗೆ ಕಾರಣವಿಲ್ಲ. ಆನ್-ಮರೀ ಹಿಲ್ ಮತ್ತು ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯದ ೮ ಪುನಶ್ಚೇತನ ಘಟಕಗಳಲ್ಲಿ ನಡೆಸಿದ ಪ್ರಯೋಗವು ೨೦೧೫ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಇಷ್ಟೇ: ತಿಳಿಯಬಲ್ಲ ರೋಗಿಗಳೊಡನೆ ಕುಳಿತು, ಅವರು ಹೇಗೆ ಬೀಳಬಹುದು, ಯಾವಾಗ ಸಹಾಯ ಕೇಳಬೇಕು ಎಂಬುದನ್ನು ಒಬ್ಬೊಬ್ಬರಿಗೂ ಅವರ ಸ್ಥಿತಿಗೆ ತಕ್ಕಂತೆ ವಿವರಿಸಿದರು, ಅವರು ಹೇಳಿದ ಅಡಚಣೆಗಳನ್ನು ಸಿಬ್ಬಂದಿಗೆ ತಿಳಿಸಿದರು. ಸಾವಿರ ರೋಗಿದಿನಗಳಿಗೆ ೧೩.೭೮ರಷ್ಟಿದ್ದ ಬೀಳುವಿಕೆ ೭.೮೦ಕ್ಕೆ ಇಳಿಯಿತು. ಅಮೆರಿಕದಲ್ಲಿ ಪೆಟ್ರೀಶಿಯ ಡೈಕ್ಸ್ ಮತ್ತು ಸಂಗಡಿಗರು, ರೋಗಿ ಮತ್ತು ಅವನ ಮನೆಯವರನ್ನು ಕೂಡಿಸಿಕೊಂಡು ಅವನಿಗೊಪ್ಪುವ ಉಪಾಯಗಳನ್ನು ಮಂಚದ ಬಳಿಯಲ್ಲಿಯೇ ಬರೆದು ತೂಗುಹಾಕುವ ಪದ್ಧತಿಯನ್ನು ೧೪ ಘಟಕಗಳಲ್ಲಿ ಆಚರಿಸಿದರು. ೩೭,೨೩೧ ರೋಗಿಗಳನ್ನೊಳಗೊಂಡ ಈ ಅಭ್ಯಾಸದಲ್ಲಿ ಬೀಳುವಿಕೆ ಶೇಕಡ ೧೫ರಷ್ಟೂ ಗಾಯವಾಗುವ ಬೀಳುವಿಕೆ ಶೇಕಡ ೩೪ರಷ್ಟೂ ಇಳಿದುದು ೨೦೨೦ರಲ್ಲಿ ವರದಿಯಾಯಿತು. ಔಷಧಗಳನ್ನು ಪುನಃ ಪರಿಶೀಲಿಸುವುದೂ ಇಂತಹ ಕಾರ್ಯಗಳಲ್ಲಿ ಸೇರುತ್ತದೆ. ನಿದ್ರೆ ಹಾಗೂ ಮನಸ್ಸಿಗೆ ಸಂಬಂಧಿಸಿದ ಕೆಲವು ಔಷಧಗಳಿಗೂ ವೃದ್ಧರ ತೊಡೆಮೂಳೆಯ ಮುರಿತಕ್ಕೂ ಇರುವ ಸಂಬಂಧವನ್ನು ವೇಯ್ನ್ ರೇ ಮತ್ತು ಸಂಗಡಿಗರು ೧೯೮೭ರಷ್ಟು ಹಿಂದೆಯೇ ತೋರಿಸಿದ್ದರು.

ಸೋತ ಪ್ರಯೋಗಗಳನ್ನೂ ಗೆದ್ದ ಪ್ರಯೋಗಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಸೋತವು ಬಹುಮಟ್ಟಿಗೆ ರೋಗಿಯ ಸುತ್ತ ವಸ್ತುಗಳನ್ನಿಟ್ಟವು. ಗೆದ್ದವು ರೋಗಿಯನ್ನೇ ಮಾತನಾಡಿಸಿದವು.

೮. ನಮ್ಮ ಸಂದರ್ಭ

ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಈ ಇತಿಹಾಸವು ಬೇರೆಯ ರೂಪವನ್ನು ತಾಳುತ್ತದೆ. ರಾ‌ತ್ರಿಯ ಹೊತ್ತು ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಮಗಳೋ ಸೊಸೆಯೋ ತಮ್ಮನೋ ಇಲ್ಲಿ ಬಹುಕಾಲದ ಕಾವಲು. ಅಜ್ಜನನ್ನು ಹೆಗಲುಗೊಟ್ಟು ಬಚ್ಚಲಿಗೆ ಕರೆದೊಯ್ಯುವವರು ಅವರು. ನೆಲ ಒದ್ದೆಯಾಗಿದೆಯೆಂದು ಎಚ್ಚರಿಸುವವರು ಅವರು. ಅವರ ಕೈಹಿಡಿತದಿಂದ ತಪ್ಪಿಹೋದ ಬೀಳುವಿಕೆಗಳನ್ನು ಯಾವ ಪುಸ್ತಕವೂ ಎಣಿಸದು. ಸಂಭವಿಸಿದ ಬೀಳುವಿಕೆಗಳಲ್ಲಿಯೂ ಹಲವು ಮನೆಯವರ ನೆನಪಿನಲ್ಲಿಯೇ ಉಳಿದುಬಿಡುತ್ತವೆ. ಇತಿಹಾಸದ ಅಭ್ಯಾಸಿಗೆ ಇದೊಂದು ಮುಖ್ಯವಾದ ಪಾಠ. ಬೀಳುವಿಕೆಯ ಅಂಕಿ ಎಲ್ಲಿ ಹೆಚ್ಚಾಗಿ ಕಾಣುವುದೋ ಅಲ್ಲಿ ಬೀಳುವವರು ಹೆಚ್ಚೆಂದು ತೀರ್ಮಾನಿಸಲಾಗದು. ಎಣಿಸುವವರು ಅಲ್ಲಿ ಇದ್ದಾರೆಂದು ಮಾತ್ರ ಹೇಳಬಹುದು.

೨೦೦೫ರಲ್ಲಿ ಸ್ಥಾಪಿತವಾದ ಆಸ್ಪತ್ರೆಗಳ ರಾಷ್ಟ್ರೀಯ ಮಾನ್ಯತಾ ಮಂಡಲಿಯ ಮಾನ್ಯತೆಯನ್ನು ಬಯಸುವ ಆಸ್ಪತ್ರೆಗಳು ಬೀಳುವಿಕೆಯನ್ನೂ ದಾಖಲಿಸತೊಡಗಿವೆ. ಇದು ಸ್ವಾಗತಾರ್ಹವಾದುದು. ಕುಟುಂಬಗಳು ಚಿಕ್ಕವಾಗಿ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಮಂಚದ ಬದಿಯ ಚಾಪೆ ಬರಿದಾಗುತ್ತಿರುವ ಈ ಕಾಲದಲ್ಲಿ ಸಂಸ್ಥೆಗಳೇ ಆ ಹೊಣೆಯನ್ನು ಹೊರಬೇಕಾಗುತ್ತದೆ. ಆದರೆ ಹೊರುವ ಮುನ್ನ ಮೇಲೆ ನಿರೂಪಿಸಿದ ವೃತ್ತಾಂತವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಸೊನ್ನೆ ಬೀಳುವಿಕೆಯೆಂಬುದನ್ನೇ ಗುರಿಯಾಗಿಟ್ಟುಕೊಂಡ ವಾರ್ಡು ಆ ಗುರಿಯನ್ನು ಮುಟ್ಟಲು ಅತಿ ಸುಲಭವಾದ ಉಪಾಯವೆಂದರೆ ಯಾರನ್ನೂ ಏಳಗೊಡದಿರುವುದು. ಯೂಟಿಕಾದ ತೊಟ್ಟಿಲಿನಲ್ಲಿ ಮಲಗಿದ್ದವರಾರೂ ಬೀಳಲಿಲ್ಲ.

ನಡೆಯುವ ಕಾಲೇ ಎಡವುತ್ತದೆ ಎಂಬ ಮಾತು ನಮ್ಮಲ್ಲಿದೆ. ಎಡವದ ಕಾಲನ್ನು ಮಾತ್ರ ಬಯಸುವ ಆಸ್ಪತ್ರೆಯು ನಡೆಯದ ಕಾಲನ್ನು ಬಯಸಿದಂತಾಗುತ್ತದೆ. ಎಷ್ಟು ಮಂದಿ ಬಿದ್ದರೆಂಬುದರ ಜೊತೆಗೆ, ಬಂದವರಲ್ಲಿ ಎಷ್ಟು ಮಂದಿ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋದರೆಂಬ ಲೆಕ್ಕವನ್ನೂ ಅದೇ ಪುಸ್ತಕದ ಅದೇ ಪುಟದಲ್ಲಿ ಬರೆದಿಡುವುದಾದರೆ, ಈ ಎರಡು ದಾರಿಗಳ ನಡುವಣ ಆಯ್ಕೆಯು ಭಯದಿಂದಲ್ಲದೆ ವಿವೇಕದಿಂದ ನಡೆಯುವುದೆಂದು ನಾವು ನಂಬಿದ್ದೇವೆ.